ಅರ್ಧ ಲೀಟರ್ ಸ್ಟೇರಿಂಗ್ ಎಣ್ಣೆ

ಕೂಡ್ಲಿಗಿಯ ಸಂಚಾರಿ ಕುರಿ ಲಸಿಕಾ ಕಚೇರಿಯ ಜೀಪು ಶ್ರಾವಣದ ಎರಡನೇ ಸೋಮವಾರದಿಂದ ತಿರುಗಲು ಒಪ್ಪಲಿಲ್ಲವೆಂಬುದು ದಾಖಲೆಯಲ್ಲಿರುವ ಸಂಗತಿ. ನೇರವಾಗಿ ಹೋಗುವಾಗ ಮಾತ್ರ ಅದರ ನಡತೆ ತೃಪ್ತಿಕರವಾಗಿತ್ತು.

ಚಾಲಕ ಹುಲುಗಣ್ಣನದು ಇಪ್ಪತ್ತೆರಡು ವರ್ಷದ ಸರ್ವಿಸು. ಸ್ಟೇರಿಂಗ್ ಕಲ್ಲಿನಂತೆ ಬಿಗಿದು, ತಿರುವಿದಾಗಲೆಲ್ಲ ಈಯುವ ಎಮ್ಮೆಯ ಹಾಗೆ ನರಳತೊಡಗಿದಾಗ ಅವನು ಬಾನೆಟ್ ಎತ್ತಿ, ಪವರ್ ಸ್ಟೇರಿಂಗಿನ ಎಣ್ಣೆ ಡಬ್ಬಿಯನ್ನು ಒರೆಸಿ ನೋಡಿದ. ಎಣ್ಣೆ ಕೆಳಗಿನ ಗೆರೆಗಿಂತಲೂ ಎರಡು ಬೆರಳು ತಳಕ್ಕಿಳಿದಿತ್ತು. ಅರ್ಧ ಲೀಟರ್ ಹಾಕಿದರೆ ಮುಗಿಯುವ ಮಾತು. ಮರುದಿನವೇ ತಿರುವುಗಳ ದಾರಿಯ ಗುಡೇಕೋಟೆಗೆ ಹೋಗಬೇಕಿತ್ತು. ಅಲ್ಲಿ ಗಾದೆಮ್ಮನೆಂಬಾಕೆಯ ನಲವತ್ತು ಕುರಿಗಳಲ್ಲಿ ಆರು ಆಗಲೇ ರೋಗಕ್ಕೆ ಸತ್ತಿದ್ದವು. ಹುಲುಗಣ್ಣ ತನ್ನ ಕೈದುಡ್ಡಿನಿಂದಲೇ ಎಣ್ಣೆ ತಂದು ಹಾಕಲು ಹೊರಟ.

ಅಧೀಕ್ಷಕಿ ಪುಷ್ಪಲತಾ ತಡೆದರು. ಸರ್ಕಾರಿ ಎಣ್ಣೆಯಲ್ಲಿ ಖಾಸಗಿ ಎಣ್ಣೆ ಬೆರೆತರೆ ಆಮೇಲೆ ಬೇರ್ಪಡಿಸುವುದು ಹೇಗೆಂದು ಮೆಲ್ಲಗೆ ಕೇಳಿದರು. ನಿಯಮದಂತೆ, ಹೊಸದನ್ನು ಸೇರಿಸುವ ಮೊದಲು ಉಳಿದಿರುವ ಎಣ್ಣೆಯ ಗುಣಮಟ್ಟ ತಿಳಿಯಬೇಕಿತ್ತು.

ಹರಪನಹಳ್ಳಿಯಿಂದ ಮೂವರ ಸಮಿತಿ ಬಂತು. ಮುಚ್ಚಳ ತೆಗೆದು, ಮೂರು ಶೀಶೆಗಳಿಗೆ ಮಾದರಿ ಎತ್ತಿ, ಅರಗಿನ ಮೊಹರು ಒತ್ತಿತು. ಮೂರನೇ ಶೀಶೆಯ ಹೊತ್ತಿಗೆ ಡಬ್ಬಿ ಬರಿದಾಯಿತು.

“ಸಾಹೇಬ್ರ, ಇದ್ರಾಗ ಈಗ ಹನಿ ಎಣ್ಣಿ ಇಲ್ರಿ,” ಎಂದ ಹುಲುಗಣ್ಣ.

“ನಾವು ಬಂದಿದ್ದು ಇರೋ ಎಣ್ಣಿ ನೋಡಾಕ. ಇಲ್ಲದ್ದನ್ನ ನೋಡಾಕ ಬ್ಯಾರೆ ಸಮಿತಿ ಐತಿ,” ಎಂದರು ಅಧ್ಯಕ್ಷರಾದ ರಾಮಣ್ಣ.

ಇಪ್ಪತ್ತು ದಿನಕ್ಕೆ ವರದಿ ಬಂತು. ಎಣ್ಣೆ ಉತ್ತಮವಾಗಿದೆ, ಸೇರಿಸುವ ಅಗತ್ಯ ಕಂಡುಬಂದಿಲ್ಲ. ಅಷ್ಟರಲ್ಲಿ ಗಾದೆಮ್ಮನ ಇನ್ನೂ ಐದು ಕುರಿ ಹೋಗಿದ್ದವು. ಹುಲುಗಣ್ಣ ಹಲ್ಲು ಕಚ್ಚಿ ಚಕ್ರ ತಿರುವಿ, ಜೀಪನ್ನು ಗೇಟು ದಾಟಿಸುವಷ್ಟರಲ್ಲಿ ಬಲರಟ್ಟೆ ಬಾತುಹೋಯಿತು. ಅವನ ನೋವನ್ನು ಸಹಾನುಭೂತಿಯಿಂದ ಪರಿಗಣಿಸಿ ಸುತ್ತೋಲೆ ಹೊರಟಿತು:

“ಮುಂದಿನ ಆದೇಶದವರೆಗೆ ನೇರ ರಸ್ತೆಯ ಕುರಿಗಳಿಗೆ ಮಾತ್ರ ಲಸಿಕೆ ನೀಡತಕ್ಕದ್ದು. ತಿರುವಿನಾಚೆಯ ಕುರಿಗಳು ಸ್ವಂತ ಜವಾಬ್ದಾರಿಯಲ್ಲಿ ನೇರ ರಸ್ತೆಗೆ ಹಾಜರಾಗತಕ್ಕದ್ದು.”

ಇದನ್ನು ಗಾದೆಮ್ಮನಿಗೆ ಫೋನಿನಲ್ಲಿ ಓದಿ ಹೇಳುವ ಕೆಲಸವೂ ಹುಲುಗಣ್ಣನ ಪಾಲಿಗೆ ಬಂತು. ಓದುತ್ತ ಓದುತ್ತ ಅವನ ದನಿ ಇಳಿಯಿತು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಗಾದೆಮ್ಮ ಬೈಯಲಿಲ್ಲ, ಎಲ್ಲಿಗೆ ಬರಬೇಕೆಂದು ಕೇಳಿಕೊಂಡಳು.

ಉಳಿದ ಕುರಿಗಳನ್ನು ಹೊಡೆದುಕೊಂಡು ಆಕೆ ಒಂದಿಡೀ ದಿನ ನಡೆದು ಹೆದ್ದಾರಿಗೆ ಬಂದಳು. ಹುಲುಗಣ್ಣ ಬಾತ ಕೈಯಲ್ಲೇ ಒಂದೊಂದು ಕುರಿಯನ್ನೂ ಲಸಿಕೆ ಹಾಕುವವರಿಗೆ ಹಿಡಿದು ಕೊಟ್ಟ. ಆಕೆಯ ಮುಖ ನೋಡಲಿಲ್ಲ.

ಡೀಸೆಲ್ ಉಳಿದದ್ದೂ, ಫಲಾನುಭವಿಗಳೇ ಇಲಾಖೆಯತ್ತ ನಡೆದುಬಂದದ್ದೂ ಮೇಲಧಿಕಾರಿಗಳ ಗಮನ ಸೆಳೆದವು. ಕಚೇರಿಗೆ ಪ್ರಶಂಸಾಪತ್ರ ಬಂತು. ಜೊತೆಗೇ ಆದೇಶವೂ ಬಂತು: ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಜೀಪುಗಳಿಂದಲೂ ಸ್ಟೇರಿಂಗ್ ಎಣ್ಣೆಯನ್ನು ತೆಗೆದು ನೇರ ರಸ್ತೆ ಯೋಜನೆಯನ್ನು ವಿಸ್ತರಿಸತಕ್ಕದ್ದು, ಈ ಕ್ಷೇತ್ರದಲ್ಲಿ ಅನುಭವವುಳ್ಳ ಹುಲುಗಣ್ಣನನ್ನು ನಿಯೋಜಿಸಿದೆ.

ಅವನು ನಾಲ್ಕೂ ಊರಿಗೆ ಬಸ್ಸಿನಲ್ಲಿ ಹೋಗಿ, ಒಂದು ಹನಿಯೂ ಚೆಲ್ಲದಂತೆ ಎಣ್ಣೆ ತೆಗೆದು ಕ್ಯಾನಿನಲ್ಲಿ ತಂದ.

“ಮೇಡಂರಿ, ಇದ್ರಾಗ ಅರ್ಧ ಲೀಟರ್ ನಮ್ಮ ಗಾಡಿಗೆ ಹಾಕ್ಕೊಳ್ಳಲೇನ್ರಿ?”

ಪುಷ್ಪಲತಾ ಕಡತ ತಿರುವಿ ನೋಡಿದರು. ಅದೀಗ ಎಣ್ಣೆಯಲ್ಲ, ಯೋಜನೆಯ ಯಶಸ್ಸಿಗೆ ಪುರಾವೆ ಎಂದು ವಿವರಿಸಿ, ಕ್ಯಾನಿಗೆ ಮೊಹರು ಹಾಕಿಸಿದರು. ಹುಲುಗಣ್ಣ ಸಾಕ್ಷಿಯಾಗಿ ಸಹಿ ಮಾಡಿದ. ಅಲ್ಲೇ ನಿಂತಿದ್ದಾಗ ಫೋನು ಬಂತು. ಗಾದೆಮ್ಮ.

“ಹುಲುಗಣ್ಣ, ಈ ಸಲ ಯಾವ ರಸ್ತಿ ನೆಟ್ಟಗೈತಪ?”

ಅವನು ಹೇಳಿದ. ಆಕೆ ಬರೆದುಕೊಳ್ಳಲು ಮೊಮ್ಮಗಳನ್ನು ಕರೆದಳು.