ಅವರು ಹೇಳಿದ್ದೊಂದು, ನಾನು ಹೇಳಿದ್ದೊಂದು

ನನಗೆ ಆ ಕೆಲಸ ಸಿಕ್ಕಿದ್ದು ಬಾಯಿಯ ಬಲದಿಂದ. ಇದನ್ನು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ಹೇಳುವಾಗ ಸೆರಗು ಬಾಯಿಗೆ ಹೋಗುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ಮಕ್ಕಳಿಬ್ಬರೂ ಹೈಸ್ಕೂಲು ಸೇರಿ, ಡೊಂಬಿವಲಿಯ ಮನೆಯಲ್ಲಿ ಹಗಲೆಲ್ಲ ಗೋಡೆ ನೋಡುವ ಸ್ಥಿತಿ ಬಂದಾಗ, ಠಾಣೆ ಪೂರ್ವದ ಕೋಪರಿಯಲ್ಲಿ ಹೆಣ್ಣುಮಕ್ಕಳ ವಸತಿಗೃಹವೊಂದಕ್ಕೆ ಮಾವಶಿ ಬೇಕಾಗಿದೆ ಎಂದು ತಿಳಿಯಿತು. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ವಸತಿಗೃಹದಲ್ಲಿ ಮಾವಶಿ ಎಂದರೆ ತಲೆಗೆ ಎಣ್ಣೆ ಹಚ್ಚಿ, ಜಡೆ ಹಾಕಿ, ಗುಂಡಿ ಹೊಲಿದು, ಉಗುರು ಕತ್ತರಿಸಿ, ಜಗಳ ಬಿಡಿಸುವವಳು. ಮೂವತ್ತೆರಡು ತಲೆ, ಅರವತ್ತನಾಲ್ಕು ಜಡೆ!

ಅಲ್ಲಿನ ಮೇಲ್ವಿಚಾರಕಿಯನ್ನು ಎಲ್ಲರೂ ಮರಾಠಿ ರೂಢಿಯಂತೆ ‘ಬಾಯಿ’, ಅಂದರೆ ಅಮ್ಮನವರು, ಎನ್ನುತ್ತಿದ್ದರು. ಸಂದರ್ಶನದಲ್ಲಿ ಅವರು ಒಂದೇ ಪ್ರಶ್ನೆ ಕೇಳಿದರು.

“ನಿಮಗೆ ಕಾನಡಿ ಬರುತ್ತದಾ?”

“ಬರುವುದೇನು, ಹುಟ್ಟಿದ್ದೇ ಅದರಲ್ಲಿ. ಉಡುಪಿಯವಳು ನಾನು!”

“ಸರಿ. ನಾಳೆಯಿಂದ ಬನ್ನಿ.”

ವಿಷಯ ಇಷ್ಟೇ. ತಿಂಗಳ ಮೊದಲ ಭಾನುವಾರ ಅಲ್ಲಿ ಭೇಟಿಯ ದಿನ. ಹೆತ್ತವರು ಬಂದು ವರಾಂಡದ ಬೆಂಚುಗಳ ಮೇಲೆ ಮಕ್ಕಳೊಂದಿಗೆ ಕೂತು ಮಾತಾಡಿ ಹೋಗುತ್ತಿದ್ದರು. ರೇಣುಕಾ ಎಂಬ ಒಂಬತ್ತು ವರ್ಷದ ಹುಡುಗಿಯ ತಾಯಿ ಮಲ್ಲಮ್ಮ ಕಲಬುರಗಿ ಕಡೆಯವಳು. ಕಳಂಬೋಲಿಯಲ್ಲಿ ಏಳುತ್ತಿದ್ದ ಕಟ್ಟಡಕ್ಕೆ ಇಟ್ಟಿಗೆ ಹೊರುವವಳು. ಗಂಡ ತೀರಿಕೊಂಡ ಮೇಲೆ, ಮಗಳು ಐದರವಳಿದ್ದಾಗ ಇಲ್ಲಿ ತಂದು ಬಿಟ್ಟಿದ್ದಳು. ನಾಲ್ಕು ವರ್ಷ ಕಳೆದು ಮಗಳ ಬಾಯಲ್ಲಿ ಬರೀ ಮರಾಠಿ. ಊರಿನವರ ನಡುವೆಯೇ ದುಡಿಯುವ ತಾಯಿಗೆ ಕನ್ನಡ ಬಿಟ್ಟರೆ ‘ಉಠಾವ್’, ‘ಚಲೋ’ ಇವೆರಡೇ. ತಾಯಿ ಕನ್ನಡದಲ್ಲಿ ಕೇಳುವಳು, ಮಗಳು ಮರಾಠಿಯಲ್ಲಿ ಉತ್ತರಿಸುವಳು. ನಡುವೆ ಕೂತು ಅತ್ತದ್ದನ್ನು ಇತ್ತ, ಇತ್ತದ್ದನ್ನು ಅತ್ತ ದಾಟಿಸುವ ಮಹತ್ಕಾರ್ಯ ನನ್ನದು.

“ಇದ್ದದ್ದನ್ನು ಇದ್ದ ಹಾಗೆ ಹೇಳು, ಅಷ್ಟೇ. ನಿನ್ನ ಒಗ್ಗರಣೆ ಬೇಡ ಮಾರಾಯ್ತಿ” ಎಂದು ನನ್ನ ಯಜಮಾನರು ಮೊದಲೇ ಎಚ್ಚರಿಸಿದ್ದರು.

“ಒಗ್ಗರಣೆ ಇಲ್ಲದೆ ನೀವು ಒಂದು ದಿನವಾದರೂ ಊಟ ಮಾಡಿದ್ದುಂಟಾ?” ಎಂದು ನಾನು ಅವರ ಬಾಯಿ ಮುಚ್ಚಿಸಿದ್ದೆ.

ಮೊದಲ ಭಾನುವಾರವೇ ಕಷ್ಟ ಬಂತು. ಮಲ್ಲಮ್ಮ ಶೇಂಗಾ ಹೋಳಿಗೆಯ ಗಂಟು ಬಿಚ್ಚಿ, “ಕೇಳ್ರೀ ಅಕ್ಕೋರೆ, ನನ್ ಮಗಳಿಗಿ ಮತ್ತೇನ್ ಬೇಕಂತ” ಎಂದಳು. ರೇಣುಕಾ ಹೋಳಿಗೆಯನ್ನು ಕಣ್ಣೆತ್ತಿಯೂ ನೋಡದೆ, “ಇದು ಬೇಡ. ಅಯಸ್ಕಾಂತದ ಮುಚ್ಚಳದ ಪೆನ್ಸಿಲ್ ಪೆಟ್ಟಿಗೆ ತರಲಿ. ಎಲ್ಲರ ಹತ್ತಿರವೂ ಇದೆ” ಎಂದು ಮರಾಠಿಯಲ್ಲಿ ಹೇಳಿದಳು.

ನಾನು ತಾಯಿಯ ಕೈ ನೋಡಿದೆ. ಸಿಮೆಂಟಿಗೆ ಬಿರುಕು ಬಿಟ್ಟ ಕೈ. ಈ ಕೈಗೆ ಪೆನ್ಸಿಲ್ ಪೆಟ್ಟಿಗೆಯ ಖರ್ಚು ಹೊರಿಸುವುದೇ? ಛೆ!

“ನಿನ್ನ ಹೋಳಿಗೆ ಅಂದರೆ ಪ್ರಾಣವಂತೆ. ಅದೊಂದಿದ್ದರೆ ಸಾಕಂತೆ” ಎಂದೆ.

ಮಲ್ಲಮ್ಮನ ಮುಖ ಅರಳಿತು. ಮಗಳು ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ಸಂಕೋಚದ ಹುಡುಗಿ ಎಂದುಕೊಂಡೆ. ಪಕ್ಕದ ಬೆಂಚುಗಳಲ್ಲಿ ಅಳು, ಮುನಿಸು, ಕೋಪ. ನನ್ನ ಬೆಂಚಿನಲ್ಲಿ ನಗು! ಬಾಯಿಯವರು ದಾಟಿ ಹೋಗುವಾಗ ಮೆಚ್ಚಿ ತಲೆಯಾಡಿಸಿದರು. ಅಲ್ಲಿಗೆ ನಾನು ಕೆಟ್ಟೆ.

ಮುಂದಿನ ತಿಂಗಳು ಹೋಳಿಗೆ ಎರಡು ಪಟ್ಟಾಯಿತು. ಅದರ ಮುಂದಿನ ತಿಂಗಳು ಒಂದು ಬುಟ್ಟಿ! ಹುಡುಗಿ ಒಂದನ್ನು ಮುರಿದು ಮೂಸಿ ಬಿಡುತ್ತಿದ್ದಳು. ಗೆಳತಿಯರಿಗೆ ಹಂಚಿ ಉಳಿದದ್ದು ಹಾಳಾಗಬಾರದಲ್ಲ? ನಾನೇ ಡೊಂಬಿವಲಿಗೆ ಹೊತ್ತು ತಂದೆ. ನಮ್ಮವರು ಚಹಾದ ಜೊತೆ ತಿಂದು, “ಆ ಹೆಂಗಸಿನ ಕೈಗುಣ ಎಂಥದ್ದು ಮಾರಾಯ್ತಿ!” ಎಂದರು. ಮೂರು ಕಲ್ಲಿನ ಒಲೆಯ ಮುಂದೆ ಕೂತು ಅವಳು ಲಟ್ಟಿಸಿದ್ದನ್ನು ನಮ್ಮ ಮನೆಯ ಸೋಫಾದಲ್ಲಿ ಕೂತು ನಾವು ತಿಂದೆವು. ಇದನ್ನು ಬರೆಯುವಾಗ ನನ್ನ ಪೆನ್ನೂ ನಾಚುತ್ತಿದೆ.

ಸುಳ್ಳಿಗೊಂದು ಗುಣವಿದೆ, ಒಂಟಿಯಾಗಿ ಬಾಳುವುದಿಲ್ಲ. “ಸಾಲಿ ಹೆಂಗ ನಡದೈತಂತ?” ಎಂದು ಮಲ್ಲಮ್ಮ ಕೇಳಿದಾಗ ರೇಣುಕಾ, “ಗಣಿತದಲ್ಲಿ ನಾಪಾಸು” ಎಂದು ಪ್ರಾಮಾಣಿಕವಾಗಿಯೇ ಹೇಳಿದಳು. ನಾನು ಅದನ್ನು “ಚೆನ್ನಾಗಿ ನಡೆದಿದೆಯಂತೆ” ಎಂದು ದಾಟಿಸಿ ಸುಮ್ಮನಾಗಬಹುದಿತ್ತು. ಆದರೆ ಮಲ್ಲಮ್ಮ, “ಎಷ್ಟನೇ ನಂಬರ್ರೀ?” ಎಂದು ಆಸೆಯಿಂದ ಕೇಳಿದಳು. ನನ್ನ ನಾಲಿಗೆ ನನ್ನನ್ನು ಕೇಳದೆಯೇ “ಒಂದನೇದು!” ಎಂದುಬಿಟ್ಟಿತು.

ಮಲ್ಲಮ್ಮ ಆ ಸಂಜೆಯೇ ಕಟ್ಟಡದ ಕೆಲಸಗಾರರಿಗೆಲ್ಲ ಪೇಢೆ ಹಂಚಿದಳಂತೆ. ಕೂಲಿಗಳ ಮೇಸ್ತ್ರಿ ಮುಕಾದಮನಿಗೆ ಎರಡು!

ಆದರೆ ನಿಜವಾದ ಪಾಪ ಬೇರೆಯೇ ಇದೆ. ದೀಪಾವಳಿ ರಜೆಗೆ ಮಕ್ಕಳನ್ನು ನಾಲ್ಕು ದಿನ ಮನೆಗೆ ಕರೆದೊಯ್ಯಲು ಅನುಮತಿ ಇತ್ತು. ಪೋಷಕರು ಫಾರ್ಮಿಗೆ ಹೆಬ್ಬೆಟ್ಟು ಒತ್ತಿದರೆ ಸಾಕು. ನಾಲ್ಕು ದೀಪಾವಳಿ ಮನೆ ಕಾಣದ ರೇಣುಕಾ ಪ್ರತಿ ಭೇಟಿಯಲ್ಲೂ ಕೇಳುವುದು ಒಂದೇ: “ಈ ಸಲ ಒಯ್ಯುತ್ತಾಳಾ?”

ಮಲ್ಲಮ್ಮ ಕಣ್ಣು ಕೆಳಗೆ ಹಾಕಿ ಹೇಳಿದಳು: “ಆಗಂಗಿಲ್ರೀ ಅಕ್ಕೋರೆ. ಶೆಡ್ಡಿಗಿ ಬಾಗ್ಲ ಇಲ್ಲ. ಸುತ್ತ ಕುಡಿಯಾ ಮಂದಿ. ಹೆಣ್ಣ ಕೂಸಿನ ಎಲ್ಲಿ ಮಲಗಸ್ಲಿ? ತಿಳಿಸಿ ಹೇಳ್ರಿ.”

ತಿಳಿಸಿ ಹೇಳುವುದೇ? ಆ ಮುಖ ನೋಡಿ? ನಾನು ಮರಾಠಿಯಲ್ಲಿ, “ನೋಡೋಣ ಅಂತಾಳೆ ನಿನ್ನ ಆಯಿ” ಎಂದೆ. ಮರುತಿಂಗಳು ಅದು “ಬಹುಶಃ ಒಯ್ಯುತ್ತಾಳೆ” ಆಯಿತು. ಅದರಾಚೆ “ಖಂಡಿತ!” ಆಯಿತು. ಆ ದಿನ ಬರುವ ಹೊತ್ತಿಗೆ ಮಲ್ಲಮ್ಮನನ್ನು ಹೇಗಾದರೂ ಒಪ್ಪಿಸಿದರಾಯಿತು ಎಂಬ ಭಂಡ ಧೈರ್ಯ ನನ್ನದು.

ದೀಪಾವಳಿಗೆ ಮೊದಲಿನ ಭೇಟಿ ಭಾನುವಾರ ಬಂತು. ಮರುದಿನದಿಂದಲೇ ರಜೆ. ನಾನು ಬೆಳಗಿನ ಲೋಕಲ್ ಹಿಡಿದು ಕೋಪರಿ ಮುಟ್ಟುವಷ್ಟರಲ್ಲಿ ರೇಣುಕಾ ಕೆಂಪು ರಿಬ್ಬನ್ನಿನ ಎರಡು ಜಡೆ ತಾನೇ ಹಾಕಿಕೊಂಡು, ತಗಡಿನ ಟ್ರಂಕು ಕಟ್ಟಿ, ಅದರ ಮೇಲೆ ಕೂತಿದ್ದಳು. ಫಾರ್ಮನ್ನು ನಾನೇ ತುಂಬಿ ಇಟ್ಟಿದ್ದೆ. ಒಂದು ಹೆಬ್ಬೆಟ್ಟು ಮಾತ್ರ ಬಾಕಿ!

ಮಲ್ಲಮ್ಮ ಬಂದಳು. ಒಬ್ಬಳೇ ಅಲ್ಲ. ಹಿಂದೆ ಹೋಳಿಗೆ ಬುಟ್ಟಿ ಹೊತ್ತ ಎತ್ತರದ ಗಂಡಸು.

“ನಮ್ ಅಣ್ಣ ಶರಣಪ್ಪರೀ. ವಾಶಿ ಮಾರ್ಕೆಟ್ಟಿನ್ಯಾಗ ಮೂಟಿ ಹೊರ್ತಾನ. ಒಂದನೇ ನಂಬರ್ ಬಂದ ಸೊಸಿನ ನೋಡ್ತೀನಂತ ಬಂದಾನ.”

ನಾನು ನಗುತ್ತಾ, “ಮರಾಠಿ ಬರುತ್ತದೋ ನಿಮಗೆ?” ಎಂದು ಕೇಳಿದೆ.

“ಹತ್ತ ವರ್ಷ ಆತ್ರೀ ಮಾರ್ಕೆಟ್ಟಿನ್ಯಾಗ. ನಿದ್ದಿಗಣ್ಣಾಗೂ ಮರಾಠಿನೇ ಬಡಬಡಿಸ್ತೀನಿ!”

ಓಡಿಹೋಗಲು ಕೋಪರಿಯಿಂದ ಸ್ಟೇಷನ್ ಹತ್ತಿರವೇ. ಆದರೆ ಅಷ್ಟಕ್ಕೂ ಸಮಯ ಸಿಗಲಿಲ್ಲ.

ರೇಣುಕಾ ಟ್ರಂಕಿನಿಂದ ಜಿಗಿದು, “ಆಯಿ, ನಾನು ತಯಾರು! ಹೊರಡೋಣ” ಎಂದು ಮರಾಠಿಯಲ್ಲಿ ಕೂಗಿದಳು. ಮಲ್ಲಮ್ಮ ರೂಢಿಯಂತೆ ನನ್ನ ಮುಖ ನೋಡಿದಳು. ನಾನು, “ಅದು... ನಿನ್ನನ್ನು ನೋಡಿ ಬಹಳ ಸಂತೋಷವಾಯಿತು ಅಂತಾಳೆ” ಎಂದೆ.

ಶರಣಪ್ಪ ಬುಟ್ಟಿ ಕೆಳಗಿಟ್ಟ. “ಏ, ಹಂಗೆಲ್ಲಂದಾಳ್ರೀ? ತಯಾರಾಗೀನಿ, ನಡಿ ಹೋಗೂನು ಅನ್ನಾಕತ್ತಾಳ.”

“ಎಲ್ಲಿಗಿ?” ಎಂದಳು ಮಲ್ಲಮ್ಮ.

ಅವನು ಸೊಸೆಯನ್ನು ಕೇಳಿದ. ಅವಳು ಹೇಳಿದಳು. ಮೂಟೆ ಇಳಿಸುವವನಂತೆ ಅವನು ಒಂದೊಂದೇ ಮಾತನ್ನು ತಂಗಿಯ ಮುಂದೆ ಇಳಿಸುತ್ತಾ ಹೋದ. ದೀಪಾವಳಿ ಇಳಿಯಿತು. ‘ಖಂಡಿತ’ ಇಳಿಯಿತು. ಪೆನ್ಸಿಲ್ ಪೆಟ್ಟಿಗೆಯೂ ಇಳಿಯಿತು.

“ಪೆನ್ಸಿಲ್ ಪೆಟ್ಟಿಗಿ ಏನ್ರೀ ಅಕ್ಕೋರೆ?” ಮಲ್ಲಮ್ಮ ಬೆರಗಾಗಿ ನನ್ನ ಕಡೆ ತಿರುಗಿದಳು. “ಇಷ್ಟ ಹೋಳಿಗಿ ಖರ್ಚಿನ್ಯಾಗ ಅಂಥವು ನಾಲ್ಕ್ ಬರ್ತಿದ್ವಲ್ಲ! ಮತ್ತ ಒಂದನೇ ನಂಬರು?”

“ಅದು ಒಂದನೇದಲ್ಲ” ಎಂದೆ.

“ಎಷ್ಟನೇದು ಹೇಳ್ರಿ.”

“ಮೂವತ್ತೊಂಬತ್ತು” ಎಂದೆ.

“ಎಷ್ಟ ಮಂದ್ಯಾಗ?”

“ನಲವತ್ತು.”

ಶರಣಪ್ಪ ಮುಖ ತಿರುಗಿಸಿಕೊಂಡ. ಅವನ ಹೆಗಲು ನಗುವಿಗೆ ಅಲುಗುತ್ತಿತ್ತು. ಮಲ್ಲಮ್ಮ ನಗಲಿಲ್ಲ. “ನಾ ಆಗಂಗಿಲ್ಲ ಅಂದಿದ್ದೆ. ನೀವು ಕೂಸಿನ ಟ್ರಂಕ್ ಕಟ್ಟಿಸೀರಿ” ಎಂದಳು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ನಾನು ರೇಣುಕಾಳ ಎದುರು ಮಂಡಿಯೂರಿ ಕೂತೆ. “ತಪ್ಪು ನನ್ನದು ಮಗಾ. ನಿನ್ನ ಆಯಿ ಮೊದಲಿನಿಂದಲೂ ಆಗುವುದಿಲ್ಲ ಅಂತಲೇ ಹೇಳಿದ್ದಳು. ನಿನಗೆ ಅರ್ಥವಾಗುವುದಿಲ್ಲ ಅಂತ ನಾನು...”

“ಮಾವಶಿ, ಮಲಾ ಕಾನಡೀ ಕಳತೇ” ಎಂದಳು ಹುಡುಗಿ. ನನಗೆ ಕನ್ನಡ ಅರ್ಥವಾಗುತ್ತದೆ.

ನನ್ನ ಸ್ವಂತ ಮಕ್ಕಳಿಬ್ಬರೂ ದಿನಾ ಕನ್ನಡದಲ್ಲಿ ಬೈಸಿಕೊಂಡು ಮರಾಠಿಯಲ್ಲಿ ಎದುರುತ್ತರ ಕೊಡುತ್ತಿದ್ದರು. ಮಾತಾಡದ ಮಗುವಿಗೆ ಕಿವಿಯೂ ಇಲ್ಲ ಎಂದು ತೀರ್ಮಾನಿಸಿದ ಮಹಾಬುದ್ಧಿವಂತೆ ನಾನು!

“ಹಾಗಾದರೆ... ಎಲ್ಲಾ ಕೇಳಿಸುತ್ತಿತ್ತಾ?”

“ಹ್ಞೂಂ. ಆಯಿ ಇಲ್ಲ ಅಂದಳು. ನೀವು ಹೌದು ಅಂದಿರಿ.”

“ಮತ್ತೆ ಯಾಕೆ ಸುಮ್ಮನಿದ್ದೆ?”

ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು. “ಇಲ್ಲಿ ಎಲ್ಲಾ ನೀವೇ ಅಲ್ಲವಾ ಮಾವಶಿ ಹೇಳುವುದು? ಎಷ್ಟು ಚಪಾತಿ, ಯಾವ ಫ್ರಾಕು, ಯಾವಾಗ ಮಲಗಬೇಕು. ಪೆಟ್ಟಿಗೆ ಬೇಡ ಅಂತ ನೀವೇ ಹೇಳಿಬಿಟ್ಟಿರಿ. ಮನೆಗೆ ಕಳಿಸುತ್ತೇವೆ ಅಂತಲೂ ನೀವೇ ಹೇಳಿದಿರಿ. ನೀವು ಹೇಳಿದ್ದೇ ಆಗುತ್ತದೆ ಅಂದುಕೊಂಡೆ.”

ಇಷ್ಟು ಹೇಳಿ ಹುಡುಗಿ ಟ್ರಂಕು ಎಳೆದುಕೊಂಡು ಒಳಗೆ ನಡೆದಳು. ಹಿಂದೆಯೇ ಮಲ್ಲಮ್ಮನೂ ಹೋದಳು. ಒಳಗೆ ಹೋಗಲು ಪೋಷಕರಿಗೆ ನಿಯಮದ ಪ್ರಕಾರ ಅನುಮತಿಯಿಲ್ಲ. ತಡೆಯುವುದು ನನ್ನ ಕೆಲಸ. ತಡೆಯಲಿಲ್ಲ. ಆ ತಿಂಗಳು ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು.

ಸಂಜೆ ಎಲ್ಲವನ್ನೂ ಬಾಯಿಯವರಿಗೆ ಒಪ್ಪಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ನಾನು ಬೇರೆ ನಿಮ್ಮನ್ನು ಮೆಚ್ಚಿದ್ದೆನಲ್ಲ!” ಎಂದರು. ಮನೆಯಲ್ಲಿ ಯಜಮಾನರು ಎಲ್ಲ ಕೇಳಿ, “ನಾನು ತಿಂದದ್ದು ನಿನ್ನ ಸುಳ್ಳಿಗೆ ಬಂದ ಹೋಳಿಗೆಯಾ?” ಎಂದು ಮೆಲ್ಲಗೆ ಕೇಳಿದರು. ಆ ರಾತ್ರಿ ಇಬ್ಬರಿಗೂ ಊಟ ಸೇರಲಿಲ್ಲ.

ದೀಪಾವಳಿಯ ನಾಲ್ಕು ದಿನವೂ ನಾನೇ ಡ್ಯೂಟಿ ಕೇಳಿ ಪಡೆದೆ. ಮನೆಗೆ ಹೋಗದ ಆರು ಹುಡುಗಿಯರಿಗೆ ಬೆಳಗಿನ ಎಣ್ಣೆಸ್ನಾನ ಮಾಡಿಸಿದೆ. ರೇಣುಕಾ ತಲೆ ಕೊಟ್ಟಳು, ಮಾತು ಕೊಡಲಿಲ್ಲ.

ಪಾಡ್ಯದ ದಿನ ಮಲ್ಲಮ್ಮ ಬಂದಳು. ಸೈಟಿಗೆ ರಜೆಯಂತೆ. ಭೇಟಿಯ ದಿನವಲ್ಲದಿದ್ದರೂ ಬಾಯಿಯವರು ಒಳಗೆ ಬಿಟ್ಟರು. ಈ ಸಲ ಹೋಳಿಗೆ ಇಲ್ಲ. ಕೈಯಲ್ಲಿ ಗುಲಾಬಿ ಬಣ್ಣದ ಪೆನ್ಸಿಲ್ ಪೆಟ್ಟಿಗೆ! ಹುಡುಗಿ ಅದರ ಮುಚ್ಚಳವನ್ನು ಟಪ್ ಟಪ್ ಎಂದು ತೆಗೆದು ಮುಚ್ಚುತ್ತಲೇ ಇದ್ದಳು. ತಾಯಿ ಕನ್ನಡದಲ್ಲಿ, ಮಗಳು ಮರಾಠಿಯಲ್ಲಿ. ತಿಳಿಯದ ಕಡೆ ಕೈಸನ್ನೆ, ಸನ್ನೆಯೂ ಸಾಲದ ಕಡೆ ಮುರುಕು ಕನ್ನಡ. ಯಾರೂ ನನ್ನನ್ನು ಕರೆಯಲಿಲ್ಲ. ನಾನು ದೂರದಲ್ಲಿ ಪಣತಿಗೆ ಎಣ್ಣೆ ಹಾಕುವ ನೆಪದಲ್ಲಿ ನಿಂತಿದ್ದೆ.

ಆಗ ಮಲ್ಲಮ್ಮ ಮಗಳ ಕಿವಿಗೆ ಬಾಯಿಯಿಟ್ಟು ಏನೋ ಪಿಸುಗುಟ್ಟಿದಳು. ಇಬ್ಬರೂ ನನ್ನ ಕಡೆ ನೋಡಿದರು. ಹುಡುಗಿ ಬಾಯಿ ಮುಚ್ಚಿಕೊಂಡು ಬಿದ್ದು ಬಿದ್ದು ನಕ್ಕಳು.

ತಡೆಯಲಾಗಲಿಲ್ಲ. “ಏನಂತೆ ರೇಣುಕಾ?” ಎಂದೆ.

ಅವಳು ನಗು ನುಂಗಿ, ಮುಖ ಗಂಭೀರ ಮಾಡಿಕೊಂಡು, ಬಹಳ ವಿನಯದಿಂದ ಹೇಳಿದಳು:

“ನೀವು ತುಂಬಾ ಒಳ್ಳೆಯವರು ಅಂತಾಳೆ ಆಯಿ.”

ನಾನು ಮುಂದೆ ಕೇಳಲಿಲ್ಲ.