ಹನ್ನೊಂದು ಮಕ್ಕಳು, ಒಬ್ಬರು ಬಿಷಪ್ಪು, ನನ್ನ ಭಾನುವಾರ

ಹದಿನೈದು ಹದಿನಾರು ವರ್ಷದ ಮಕ್ಕಳಿಗೆ ದೇವರ ವಿಷಯ ಹೇಳಿಕೊಡುತ್ತೇನೆ ಎಂದು ಒಪ್ಪಿಕೊಂಡವರಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ಯಾವ ವಾರ ಆಗಲಿಲ್ಲವೋ ಆ ವಾರ ತರಗತಿಗೆ ಯಾರೂ ಬಂದಿಲ್ಲ ಎಂದೇ ಅರ್ಥ.

ನಾನು ಚನ್ನಪಟ್ಟಣದಲ್ಲಿ ಶಾಲಾ ಟೀಚರು. ಸೋಮವಾರದಿಂದ ಶನಿವಾರದವರೆಗೆ ಶಾಲೆ, ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಚರ್ಚಿನ ಯುವಜನರ ಗುಂಪಿಗೆ ಧರ್ಮೋಪದೇಶ. ಒಂಬತ್ತು ವರ್ಷ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿ ಸಾಕಾಗಿ, ಫಾದರ್ ಹತ್ತಿರ ಹೋಗಿ, ನನ್ನನ್ನು ಬಿಟ್ಟುಬಿಡಿ, ಒಂದು ಭಾನುವಾರವಾದರೂ ಮನೆಯಲ್ಲಿ ನಿಧಾನವಾಗಿ ಮಟನ್ ಸಾರು ಮಾಡಬೇಕು ಎಂದೆ. ಅವರು ಷರತ್ತು ಹಾಕಿದರು. ಮಕ್ಕಳ ವಿಶ್ವಾಸ ಗಟ್ಟಿಮಾಡುವ ದೃಢೀಕರಣ ಸಂಸ್ಕಾರ ಕೊಡಲು ಬಿಷಪ್ಪು ಬರುತ್ತಾರೆ, ಮೊದಲು ಪ್ರಶ್ನೆ ಕೇಳುತ್ತಾರೆ. ಹನ್ನೊಂದು ಮಕ್ಕಳೂ ದಾಟಿದರೆ ಭಾನುವಾರ ನಿಮ್ಮದು ಎಂದರು.

ಮೊಹರು

ಬಿಡದಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲ. ಅಪ್ಪಂದಿರೆಲ್ಲ ಕಾರ್ಡ್ ಪಂಚ್ ಮಾಡುವುದನ್ನು ನೋಡಿಯೋ ಏನೋ, ಫಾದರ್ ಮಕ್ಕಳಿಗೂ ಹಾಜರಿ ಕಾರ್ಡ್ ಮಾಡಿಸಿದರು. ಪೂಜೆಗೆ ಬಂದವರಿಗೆ ಬಾಗಿಲಲ್ಲಿ ನಾನು ಮೊಹರು ಒತ್ತಬೇಕು. ಹುಡುಗರು ಒತ್ತಿಸಿಕೊಂಡು, ಶಿಲುಬೆ ಗುರುತು ಹಾಕಿಕೊಂಡು, ಪಕ್ಕದ ಬಾಗಿಲಿಂದ ಕ್ರಿಕೆಟ್ಟಿಗೆ ಹೋದರು. ಮೊಹರನ್ನು ಪೂಜೆಯ ಕೊನೆಗೆ ಇಟ್ಟೆ. ನಾನು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರಿದರು. ಕಡೆಯ ಹಾಡಿಗೆ ಸರಿಯಾಗಿ ಐದು ಜನ ಬೆವರಿಳಿಸಿಕೊಂಡು ಬಂದು ಸಾಲಾಗಿ ನಿಂತರು. ಇದೇನ್ರೋ ಎಂದು ಗದರಿದೆ.

"ನಾವು ಸೆಕೆಂಡ್ ಶಿಫ್ಟು ಮಿಸ್," ಎಂದ ಒಬ್ಬ.

ಜೆರಾಕ್ಸ್ ಪಾಪ

ದೃಢೀಕರಣಕ್ಕೆ ಮುಂಚೆ ಪಾಪನಿವೇದನೆ ಆಗಬೇಕು. ಮರೆತುಹೋಗುತ್ತದೆ ಎನ್ನುವವರು ಮನೆಯಲ್ಲೇ ಚೀಟಿ ಬರೆದುಕೊಂಡು ಬನ್ನಿ ಎಂದಿದ್ದೆ, ನನ್ನ ಬಾಯಿಗೆ ಮಣ್ಣು ಹಾಕ. ಹನ್ನೊಂದು ಮಕ್ಕಳ ಪಾಪ ಕೇಳಿ ಫಾದರ್ ಸುಸ್ತಾಗಿ ಹೊರಗೆ ಬಂದರು. ಒಳಗಿನ ಮಾತು ಅವರು ಯಾರಿಗೂ ಹೇಳುವಂತಿಲ್ಲ. ಇಷ್ಟು ಮಾತ್ರ ಅಂದರು: "ಮುಂದಿನ ಸಲ ಅವರವರದ್ದು ಅವರವರೇ ಬರೆದ್ಕೊಂಡು ಬರ್ಲಿ."

ಬೆಂಚಿನ ಕೆಳಗೆ ಒಂದು ಹಾಳೆ ಸಿಕ್ಕಿತು. ಬೈರಾಪಟ್ಟಣದಿಂದ ಬರುವ ಹುಡುಗಿಯ ಅಕ್ಷರ ಮುತ್ತಿನಂಥದು. ಅವಳು ಹದಿನಾಲ್ಕು ಪಾಪಗಳನ್ನು ನಂಬರು ಹಾಕಿ ಬರೆದು, ಬಸ್ ಸ್ಟ್ಯಾಂಡಿನಲ್ಲಿ ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಿದ್ದಳು. ಮಾಡಿದ್ದಕ್ಕೆ ಟಿಕ್ ಹಾಕಿಕೊಂಡರೆ ಸಾಕು. ಆ ಹಾಳೆಯ ಒಡೆಯ ತಂಗಿಗೆ ಹೊಡೆದದ್ದೂ ಸೇರಿ ಹದಿನಾಲ್ಕಕ್ಕೂ ಟಿಕ್ ಹಾಕಿದ್ದ. ಅವನು ಮನೆಗೆ ಒಬ್ಬನೇ ಮಗ. ಇಲ್ಲದ ತಂಗಿಗೆ ಹೇಗಪ್ಪ ಹೊಡೆದೆ ಎಂದೆ.

"ಎಲ್ಲಾ ಕಂಪಲ್ಸರಿ ಅಂದ್ಕೊಂಡೆ ಮಿಸ್," ಎಂದ.

ಬಿಷಪ್ಪು ಕೇಳಿದ್ದು

ಅದೇ ಬೈರಾಪಟ್ಟಣದ ಹುಡುಗಿ ಭಾನುವಾರ ಆಗಾಗ ತಪ್ಪಿಸುತ್ತಿದ್ದಳು. ಕೇಳಿದರೆ, "ನಮ್ಮಪ್ಪಂಗೆ ಗುರುವಾರ ವೀಕ್ ಆಫು ಮಿಸ್. ನಮ್ಮನೇಲಿ ಅವತ್ತೇ ಭಾನುವಾರ," ಎನ್ನುವಳು. ಭಾನುವಾರ ಅಪ್ಪ ಡ್ಯೂಟಿಗೆ ಹೋದರೆ ಬೈಕಿನಲ್ಲಿ ಕರೆತರುವವರಿಲ್ಲ. ಕ್ಲಾಸನ್ನೇ ಗುರುವಾರಕ್ಕೆ ಹಾಕಿ ಎಂದು ಸಲಹೆ ಬೇರೆ. ದೇವರ ದಿನ ಕಂಪನಿಯವರು ಹೇಳಿದಂತೆ ಬದಲಾಗುವುದಿಲ್ಲ ಎಂದು ಬೈದಿದ್ದೆ.

ಬಿಷಪ್ಪು ಬಂದರು. ಬಾಯಿಪಾಠ ಮಾಡಿದ್ದವರನ್ನು ಮುಂದೆ ಕೂರಿಸಿ, ಇವಳನ್ನು ಕಂಬದ ಮರೆಗೆ ಸೇರಿಸಿದ್ದೆ. ಮುಂದಿನವರು ಪಟಪಟನೆ ಉತ್ತರ ಹೇಳಿದರು. ನನ್ನ ಮೂಗಿಗೆ ಆಗಲೇ ಸಾರಿನ ವಾಸನೆ ಬರುತ್ತಿತ್ತು. ಆಗ ಬಿಷಪ್ಪು ಕತ್ತು ಚಾಚಿ, "ಕಂಬದ ಹಿಂದಿರೋ ಮಗಳು ಹೇಳಮ್ಮ, ವಾರದಲ್ಲಿ ದೇವರ ದಿನ ಯಾವುದು?" ಎಂದರು.

ಅವಳು ಎದ್ದು ನಿಂತು ಒಸಿ ಯೋಚಿಸಿದಳು. "ಅದು ಅಪ್ಪಂದಿರ ಕಂಪ್ನಿ ಮ್ಯಾಲೆ ಹೋಯ್ತದೆ ಸ್ವಾಮಿ. ನಮ್ಮನೇಲಿ ಗುರುವಾರ."

ಒಂಬತ್ತು ವರ್ಷದ ಪಾಠ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನಾನು ತಲೆ ತಗ್ಗಿಸಿದೆ, ಅಳುವೇ ಬಂತು. ಬಿಷಪ್ಪು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನು ಯಾರ ಮನೆಯಲ್ಲಿ ಹೀಗೆ ಗುರುವಾರ ಎಂದು ಕೇಳಿದರು. ಅವಳದ್ದೂ ಸೇರಿ ಏಳು ಕೈ ಎದ್ದವು. ಹಾಗಾದರೆ ಇವರಿಗೆ ಗುರುವಾರ ಸಂಜೆ ಪೂಜೆ, ಪಾಠ ಎರಡೂ ಇಡಿ ಎಂದು ಫಾದರ್‌ಗೆ ಅಪ್ಪಣೆಯಾಯಿತು. ಮಕ್ಕಳು ಇಷ್ಟು ನಿಜ ಹೇಳುವಂತೆ ಕಲಿಸಿದ ಟೀಚರನ್ನು ಯಾವ ಕಾರಣಕ್ಕೂ ಬಿಡಬೇಡಿ ಎಂದು ಮೈಕಿನಲ್ಲೇ ಹೇಳಿ, ಹನ್ನೊಂದು ಜನಕ್ಕೂ ದೃಢೀಕರಣ ಕೊಟ್ಟರು. ಫಾದರ್ ನನ್ನ ಮುಖ ನೋಡಲಿಲ್ಲ.

ಹೀಗೆ ಭಾನುವಾರ ನಾಲ್ಕು ಮಕ್ಕಳು, ಗುರುವಾರ ಸಂಜೆ ಏಳು ಮಕ್ಕಳು. ಮೊದಲ ಗುರುವಾರ ಶಾಲೆ ಮುಗಿಸಿ ಓಡೋಡಿ ಬಂದು, ಕುರ್ಚಿ ಮೇಲೆ ಕುಸಿದು ಕೂತೆ. ಬೈರಾಪಟ್ಟಣದ ಹುಡುಗಿ ಎಲ್ಲರಿಗಿಂತ ಮೊದಲು ಬಂದಿದ್ದಳು. ನೀರು ತಂದುಕೊಟ್ಟು, ನನ್ನನ್ನೇ ನೋಡುತ್ತಾ ಕನಿಕರದಿಂದ ಕೇಳಿದಳು:

"ಮಿಸ್, ನಿಮ್ಗೆ ವೀಕ್ ಆಫು ಯಾವತ್ತು?"