ಮಡಚದ ಎಡಗೈ

ತೊಂದರೆ ಶುರುವಾದದ್ದು ಎರಡು ಮರದ ಸ್ಕೇಲುಗಳಿಂದ.

ಬೀದರದ ಹೊರವಲಯದ ಹೊಸ ಗಾಲ್ಫ್ ಮೈದಾನದಲ್ಲಿ ಅಲಕಾ ಮೂರು ತಿಂಗಳಿಂದ ಆಟ ಕಲಿಯುತ್ತಿದ್ದಳು. ರವಿವಾರ ಹೆಂಗಸರ ಪಂದ್ಯ. ಆಡುವ ನಾಲ್ವರ ಪಟ್ಟಿಯಲ್ಲಿ ಅವಳದೇ ಕೊನೆಯ ಹೆಸರು. ಲಗ್ನಪತ್ರಿಕೆ ಬಿಟ್ಟರೆ ಆ ಹೆಸರು ಅಚ್ಚಾದದ್ದು ಇದೇ ಮೊದಲು.

"ಹೊಡತ ಛಲೋ ಅದರಿ ಮೇಡಂ," ಎಂದಿದ್ದ ಆಟ ಕಲಿಸುವ ಜುಲ್ಫೀಕಾರ. "ಆದ್ರ ಚೆಂಡಿಗಿ ಬಡಿಯೋ ಹೊತ್ತಿಗಿ ಎಡಗೈ ಮೊಣಕೈ ಮಡಚ್ತದ. ಕೋಳಿ ರೆಕ್ಕಿ ಎತ್ತಿದಂಗ. ಅದೊಂದು ನೆಟ್ಟಗಾತಂದ್ರ ನಿಮ್ಮ ಚೆಂಡು ಆ ಕಡಿ ಕೊಳಾರ ಊರೇ ದಾಟ್ತದ ನೋಡ್ರಿ!"

ಲಗ್ನವಾದಾಗಿನಿಂದ ಇಪ್ಪತ್ತೆರಡು ವರ್ಷ ಆ ಕೈ ಮಡಚಿಯೇ ಇತ್ತು. ಅದರಲ್ಲಿ ಒಮ್ಮೆ ಕೂಸು, ಒಮ್ಮೆ ಕಾಯಿಪಲ್ಲೆಯ ಚೀಲ, ಒಮ್ಮೆ ಹಾಸಿಗೆ ಹಿಡಿದ ಅತ್ತೆಯ ಬೆನ್ನು. ಯಾರೋ ಹೇಳಿದ ಮಾತ್ರಕ್ಕೆ ನೆಟ್ಟಗಾಗುವುದು ಅದಕ್ಕೆ ತಿಳಿಯಲಿಲ್ಲ.

ಶನಿವಾರ ಮುಂಜಾನೆ, ಭಾಲ್ಕಿಯ ಶಾಲೆಗೆ ಪಾಠ ಮಾಡಲು ಹೊರಟವಳು ಬಸ್ ನಿಲ್ದಾಣದಲ್ಲಿ ಕೂತು, ಮೊಣಕೈಯ ಎರಡೂ ಬದಿಗೆ ಸ್ಕೇಲಿಟ್ಟು ಹಳೆಯ ಓಢಣಿಯಿಂದ ಬಿಗಿದುಕೊಂಡಳು. ದಿನವಿಡೀ ಹೀಗಿದ್ದರೆ ಕೈಗೆ ರೂಢಿಯಾದೀತು ಎಂಬುದು ಅವಳದೇ ಉಪಾಯ.

ಬಸ್ಸು ಹತ್ತಿದ್ದೇ ತಡ, ಮುದುಕಿಯೊಬ್ಬಳು ಎದ್ದು ನಿಂತಳು. "ಕೂಡವ್ವ. ಬಿದ್ದೀಯೋ, ಯಾರರ ಹೊಡದಾರೋ?"

ಇಡೀ ಬಸ್ಸಿಗೆ ಗಾಲ್ಫ್ ತಿಳಿಸಿ ಹೇಳುವುದಕ್ಕಿಂತ ಕೂಡುವುದು ಸುಲಭವಾಗಿತ್ತು. ಅಲಕಾ ಕೂತಳು.

ಶಾಲೆಯಲ್ಲಿ ಜೊತೆಯ ಶಿಕ್ಷಕಿ, ಔರಾದದ ವಿಶಾಖಾ ಹೌಹಾರಿದಳು. "ಅಯ್ಯ ಅಲಕಾಬಾಯಿ, ಏನಾತರಿ ಕೈಗಿ?"

"ಏನಿಲ್ರಿ, ಅದು ಗಾಲ್ಫಿಂದು..."

"ನಾ ಅಂದಿದ್ದಿಲ್ಲೇನು? ಆ ಕೋಲಿನ ಆಟ ಬ್ಯಾಡ ಅಂತ! ಮುರಕೊಂಡ್ರಿಲ್ಲ?"

ಬಿಡುವಿನಲ್ಲಿ ವಿಶಾಖಾ ರೊಟ್ಟಿ ಮುರಿದು ಪಲ್ಲೆ ಹಚ್ಚಿದಳು. ನಿಜ ಹೇಳಲು ಅಲಕಾ ಬಾಯಿ ತೆರೆದಳು. ಅದರೊಳಗೆ ತುತ್ತು ಬಂತು. ಬಲಗೈ ಚೆನ್ನಾಗಿಯೇ ಇದೆಯೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ತನಗೆ ಹಿಂದೆ ಯಾರು, ಯಾವಾಗ ತುತ್ತು ಕೊಟ್ಟಿದ್ದರು ಎಂದು ಅಲಕಾ ಅಗಿಯುತ್ತ ಯೋಚಿಸಿದಳು. ನೆನಪಾಗಲಿಲ್ಲ. ಎರಡನೆಯ ತುತ್ತಿಗೆ ತಾನಾಗಿಯೇ ಬಾಯಿ ತೆರೆದಳು.

ಮಧ್ಯಾಹ್ನ ಮನೆಗೆ ಬಂದರೆ, ವಿಶಾಖಾಳ ಫೋನಿಗೆ ಓಗೊಟ್ಟು ಔರಾದದಿಂದ ಎಲುಬು ಕೂಡಿಸುವ ಕರೀಮ ಸಾಬ ಮೋಟರ್ ಸೈಕಲ್ಲಿನಲ್ಲಿ ಬಂದು ಕೂತಿದ್ದರು. ಪಕ್ಕದಲ್ಲಿ ಗಂಡ ಶ್ರೀಪಾದ, ಮುಖ ಬಿಳಚಿಕೊಂಡು.

"ಕೈ ಮುರದೇ ಇಲ್ರಿ," ಎಂದಳು ಅಲಕಾ.

"ಮೊದಲಿಗಿ ಎಲ್ಲರೂ ಹಿಂಗೇ ಅಂತಾರ." ಕರೀಮ ಸಾಬ ಸ್ಕೇಲು ಬಿಚ್ಚಿ ಮೊಣಕೈ ಒತ್ತಿದರು. "ಇಲ್ಲಿ ನೋವದ?"

"ಇಲ್ರಿ."

"ಇಲ್ಲಿ?"

"ಇಲ್ರಿ."

"ಅರೆ ಸಾಹೇಬ್ರ, ಬಾಳ ಕೆಟ್ಟ ಪೆಟ್ಟದ. ನೋವೇ ಸತ್ತು ಹೋಗ್ಯದ!"

ತತ್ತಿಯ ಬಿಳಿ ಹಚ್ಚಿ, ಬಿದಿರಿನ ಚಕ್ಕೆಯಿಟ್ಟು ಕಟ್ಟಿದಾಗ ಕೈ ಮೈಲುಗಲ್ಲಿನ ಹಾಗೆ ಸೆಟೆದು ನಿಂತಿತು. ತತ್ತಿ ಈ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಶ್ರೀಪಾದ ತಾನೇ ಅದರ ಬಟ್ಟಲು ಹಿಡಿದು ನಿಂತಿದ್ದ.

ಕರೀಮ ಸಾಬ ಹೋದ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಹಾಲು ಉಕ್ಕಿದ ವಾಸನೆ ಬಂತು. ಶ್ರೀಪಾದ ಚಹಾ ತಂದು, ಕಪ್ಪಿನಿಂದ ಬಸಿಗೆ ಸುರಿದು, ಊದಿ ಆರಿಸಿ ಅವಳ ತುಟಿಗೆ ಹಿಡಿದ. ಸಕ್ಕರೆ ಪಾಕದಷ್ಟಿತ್ತು. ಅವಳ ಕಣ್ಣು ತುಂಬಿತು. ಇಷ್ಟು ಮಾಡಿದವನಿಗೆ ಸುಳ್ಳು ಸಲ್ಲದು. ಈಗಲೇ ಕಟ್ಟು ಬಿಚ್ಚಿ ನಿಜ ಹೇಳಿ, ನಾಳೆ ಮೈದಾನಕ್ಕೆ ಅವನನ್ನೂ ಕರೆದೊಯ್ಯಬೇಕು ಎಂದುಕೊಂಡಳು.

"ರೀ, ನಾಳಿ ಪಂದ್ಯ..."

"ಅದರ ಚಿಂತಿ ನಿನಗ್ಯಾಕ?" ಶ್ರೀಪಾದನ ಮುಖ ಅರಳಿತು. "ನೀ ಹೇಳೂ ಮೊದಲೇ ನಾನೇ ಜುಲ್ಫೀಕಾರಗ ಫೋನ್ ಮಾಡೀನಿ. ನಿನ್ನ ಹೆಸರು ತಗಸೀನಿ. ನಿನ್ನ ಜಾಗಾದಾಗ ಪೂನಮ ಅಂತ ಯಾರೋ ಆಡ್ತಾರಂತ. ರೊಕ್ಕಾನೂ ಕಟ್ಟಿ ಬಿಟ್ಟಾರಂತ ಅವರು."

ಇಪ್ಪತ್ತೆರಡು ವರ್ಷದಲ್ಲಿ ಕೇಳದೆಯೇ ಅವಳಿಗಾಗಿ ಅವನು ಮಾಡಿದ ಮೊದಲ ಕೆಲಸ ಅದು. ಶಾಬಾಸ್ ಅನ್ನಿಸಿಕೊಳ್ಳಲು ಕಾದವನಂತೆ ಬಸಿ ಹಿಡಿದು ಕೂತಿದ್ದ. ಅಲಕಾ ಆ ಮುಖವನ್ನೇ ನೋಡಿದಳು.

"ಯಾಕ, ಕಣ್ಣಾಗ ನೀರು? ನೋವಾಗ್ಲತ್ತದೇನು?"

"ಹೂಂರಿ," ಎಂದಳು. "ಈಗ ಬಾಳ ನೋವಾಗ್ಲತ್ತದ."